ಅಳುವಿನ ಆರು ಸಾಲು

ವೀಪ್, ಕ್ರೈ, ಸಾಬ್, ವೇಲ್: ಈ ಇಂಗ್ಲಿಷ್ ಪದಗಳಿಗೆಲ್ಲ ಶಾಲೆಯಲ್ಲಿ ನಮಗೆ ಬರೆಸಿದ ಅರ್ಥ ಒಂದೇ, ಅಳು. ಪರೀಕ್ಷೆಗೆ ಅಷ್ಟು ಸಾಕಿತ್ತು. ಆದರೆ ಒಂದೊಂದರ ಬೇರನ್ನೂ ಕೆದಕುತ್ತ ಹೋದರೆ ಬೇರೆಯದೇ ಕತೆ ತೆರೆದುಕೊಳ್ಳುತ್ತದೆ. ಊರಿಗೆಲ್ಲ ಕೇಳುವಂತೆ ಅಳುತ್ತಿದ್ದ ಜನ ಶತಮಾನಗಳುದ್ದಕ್ಕೂ ದನಿ ತಗ್ಗಿಸುತ್ತ ಬಂದ ಕತೆ ಅದು. ನೆನಪಿಗೆ ಸುಲಭವಾಗಲೆಂದು ನಮ್ಮ ಹಳೆಯ ನಿಘಂಟುಕಾರರ ದಾರಿ ಹಿಡಿದು ಆರು ಸಾಲು ಕಟ್ಟಿದ್ದೇನೆ. ಒಂದೊಂದನ್ನೇ ಬಿಡಿಸುತ್ತೇನೆ.

ಮೊದಲು ದನಿ, ಆಮೇಲೆ ಕಣ್ಣೀರು: ವೀಪ್.

ಇವತ್ತು ವೀಪ್ ಎಂದರೆ ಕಣ್ಣೀರು ಸುರಿಸುವುದು, ಸದ್ದು ಇರಲೇಬೇಕೆಂದಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದು ವೇಪನ್. ಅದರ ಜೊತೆಗಾರ ವೋಪ್ ಎಂದರೆ ಬೊಬ್ಬೆ, ಗೋಳಾಟ. ಬಾಯಿಗೆ ಸೇರಿದ್ದ ಪದ ನಿಧಾನವಾಗಿ ಕಣ್ಣಿಗೆ ಸೇರಿತು. ಸಾಲಿನಲ್ಲಿರುವ ‘ಮೊದಲು’, ‘ಆಮೇಲೆ’ ಎಂಬ ಮಾತು ಅಳುವವರನ್ನು ಕುರಿತದ್ದಲ್ಲ, ಪದದ ಆಯುಷ್ಯವನ್ನು ಕುರಿತದ್ದು. ಗಾಯದಿಂದ ನೀರು ಜಿನುಗಿದರೂ ಇಂಗ್ಲಿಷಿನಲ್ಲಿ ಅದು ವೀಪ್. ಕೊಂಬೆ ಇಳಿಬಿಟ್ಟುಕೊಂಡು ನಿಂತ ವಿಲೋ ಮರವೂ ವೀಪಿಂಗ್ ವಿಲೋ. ದನಿ ಪೂರ್ತಿ ಹೋಗಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಊರನ್ನು ಕರೆದರೆ ಕ್ರೈ.

ಇದು 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚಿನ ಮೂಲಕ ಬಂದ ಪದ. ಅದರ ಹಿಂದಿರುವುದು ಲ್ಯಾಟಿನ್ನಿನ ಕ್ವಿರಿತಾರೆ. ರೋಮಿನ ಪ್ರಜೆಗಳಿಗೆ ಕ್ವಿರಿತೇಸ್ ಎಂಬ ಹೆಸರಿತ್ತು. ‘ಪ್ರಜೆಗಳೇ, ಬನ್ನಿ’ ಎಂದು ಅವರನ್ನು ನೆರವಿಗೆ ಕೂಗುವುದೇ ಕ್ವಿರಿತಾರೆ ಎಂದು ರೋಮಿನ ವಿದ್ವಾಂಸ ವರೋ ವಿವರಿಸಿದ. ನಮ್ಮ ‘ಹುಯಿಲಿಡು’ ಎಂಬುದರಲ್ಲಿ ಅಳುವೂ ಇದೆ, ನೆರವಿನ ಕೂಗೂ ಇದೆ, ಅಲ್ಲಿಯೂ ಹಾಗೆಯೇ. ಇಂಗ್ಲೆಂಡಿನಲ್ಲಿ ಈ ಕೂಗಿಗೆ ಕಾನೂನಿನ ಬಲವೂ ಇತ್ತು. 1285ರ ವಿಂಚೆಸ್ಟರ್ ಶಾಸನದ ಪ್ರಕಾರ, ಕಳ್ಳತನವೋ ಕೊಲೆಯೋ ಆಗಿ ‘ಹ್ಯೂ ಅಂಡ್ ಕ್ರೈ’ ಎದ್ದರೆ ಊರಿನವರು ಕೆಲಸ ಬಿಟ್ಟು ಅಪರಾಧಿಯ ಬೆನ್ನು ಹತ್ತಬೇಕು. ಕೇಳಿಸಿಯೂ ಸುಮ್ಮನೆ ಕೂತವರಿಗೆ ದಂಡ. ಕ್ರೈ ಎಂದರೆ ಕಣ್ಣೀರಿಡುವುದು ಎಂಬ ಅರ್ಥ ನೆಲೆಯಾದದ್ದು ಹದಿನಾರನೆಯ ಶತಮಾನದ ಹೊತ್ತಿಗೆ. ಈಗ ಯಾರಾದರೂ ಕ್ರೈ ಮಾಡುತ್ತಿದ್ದರೆ ಜನ ಓಡಿ ಬರುವುದಿಲ್ಲ, ಮುಖ ಬೇರೆ ಕಡೆ ತಿರುಗಿಸುತ್ತಾರೆ.

ಉಸಿರು ತುಂಡಾದರೆ ಸಾಬ್, ತುಂಡಾಗದೆ ಹರಿದರೆ ವೇಲ್.

ಅತ್ತು ಅತ್ತು ದಣಿದು ಮಲಗಿದ ಮಗುವನ್ನು ಗಮನಿಸಿ. ಕಣ್ಣೀರು ಒಣಗಿರುತ್ತದೆ, ನಿದ್ದೆ ಹತ್ತಿರುತ್ತದೆ. ಆದರೂ ಆಗಾಗ ಎದೆ ಎರಡು ಮೂರು ಸಲ ಜಗ್ಗಿ, ಉಸಿರು ತುಂಡುತುಂಡಾಗಿ ಒಳಗೆ ಹೋಗುತ್ತದೆ. ವಪೆ ಇನ್ನೂ ಸೆಳೆಯುತ್ತಿದೆ ಎಂದರ್ಥ. ನಾವು ಬಿಕ್ಕು ಎನ್ನುವುದು ಇದನ್ನೇ, ಇಂಗ್ಲಿಷಿನವರ ಸಾಬ್ ಇದೇ. ಎರಡೂ ಆ ಸದ್ದನ್ನೇ ಅನುಕರಿಸಿ ಹುಟ್ಟಿದಂತಿವೆ. ದುಃಖದಲ್ಲಿ ಗಂಟಲು ಕಟ್ಟುವುದಕ್ಕೂ ದೇಹದೊಳಗೆ ಕಾರಣವಿದೆ. ಹೆಚ್ಚು ಗಾಳಿ ಬೇಕೆಂದು ದೇಹ ಗಂಟಲಿನ ದ್ವಾರವನ್ನು ಅಗಲವಾಗಿ ತೆರೆದಿಡುತ್ತದೆ. ಉಗುಳು ನುಂಗಲು ಅದನ್ನು ಮುಚ್ಚಬೇಕು. ಈ ಎಳೆದಾಟವೇ ಗಂಟಲಲ್ಲಿ ಉಂಡೆ ಸಿಕ್ಕಿಕೊಂಡಂತೆ ಅನಿಸುತ್ತದೆ.

ಸಾಬ್‌ನಲ್ಲಿ ಉಸಿರು ಒಳಗೆ ಬರುತ್ತದೆ. ವೇಲ್‌ನಲ್ಲಿ ಹೊರಗೆ ಹೋಗುತ್ತದೆ, ಉದ್ದಕ್ಕೆ, ರಾಗ ಎಳೆದಂತೆ. ವೇಲ್ ಎಂಬುದು ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ಭಾಷೆಯ ಕಡೆಯಿಂದ ಬಂದದ್ದು, ದುಃಖವನ್ನು ಹೇಳುವ ‘ವೋ’ ಎಂಬುದರ ನಂಟ. ‘ವೋ’ ಮೊದಲು ನಾಮಪದವಲ್ಲ, ಬರೀ ಉದ್ಗಾರ, ನಮ್ಮ ‘ಅಯ್ಯೋ’ ಇದ್ದ ಹಾಗೆ. ಅಯ್ಯೋ ಅನ್ನುವುದನ್ನೇ ಕ್ರಿಯಾಪದ ಮಾಡಿಕೊಂಡರು. ಆಂಬ್ಯುಲೆನ್ಸಿನ ಸೈರನ್ನಿನಲ್ಲಿ ನಿಧಾನಕ್ಕೆ ಏರಿ ಇಳಿಯುವ ದನಿಗೆ ಇವತ್ತಿಗೂ ವೇಲ್ ಎಂದೇ ಹೆಸರು. ಊರನ್ನು ಎಚ್ಚರಿಸುವ ಹಳೆಯ ಕೆಲಸ ಯಂತ್ರದ ಪಾಲಿಗೆ ಬಂದಿದೆ.

ಬಾಣದ್ದು ವೈನ್, ಸಿಂಬಳದ್ದು ಸ್ನಿವೆಲ್, ಸಂತಳದ್ದು ಮಾಡ್ಲಿನ್, ಎದೆಬಡಿತದ್ದು ಕಂಪ್ಲೇಂಟ್.

ಇವು ಬೈಗುಳಗಳಾಗಿ ಹೋದ ಪದಗಳು. ವೈನ್ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಹಾರುವ ಬಾಣದ ಸುಂಯ್ ಎಂಬ ಸದ್ದು. ಈಗ ರಾಗ ತೆಗೆಯುವ ಮಗುವನ್ನು ಗದರಿಸುವ ಮಾತು. ಸ್ನಿವೆಲ್ ಎಂದರೆ ಮೂಗು ಸುರಿಸಿಕೊಂಡು ಅಳುವುದು, ಹೆಚ್ಚಿನ ವಿವರ ಬೇಡ. ಮಾಡ್ಲಿನ್ ಎಂದರೆ ಮೇರಿ ಮಗ್ದಲೀನ್. ಯೇಸುವಿಗಾಗಿ ಅತ್ತ ಆಕೆಯನ್ನು ಚಿತ್ರಕಾರರು ಕಣ್ಣೀರಿನಲ್ಲೇ ಬರೆಯುತ್ತ ಬಂದರು; ಇಂಗ್ಲಿಷ್ ಬಾಯಲ್ಲಿ ಸವೆದ ಆ ಹೆಸರು ಕುಡಿದು ಗೋಳಾಡುವವರಿಗೆ ಅಂಟಿಕೊಂಡಿತು. ಆಕ್ಸ್‌ಫರ್ಡಿನ ಮಗ್ದಲೆನ್ ಕಾಲೇಜನ್ನು ಇಂದಿಗೂ ಮಾಡ್ಲಿನ್ ಎಂದೇ ಉಚ್ಚರಿಸುತ್ತಾರೆ.

ಇವುಗಳಲ್ಲಿ ನನಗೆ ಹೆಚ್ಚು ನೋವಾಗುವುದು ಕಂಪ್ಲೇಂಟಿನ ಗತಿಗೆ. ಲ್ಯಾಟಿನ್ನಿನ ಪ್ಲಾಂಗೆರೆ ಎಂದರೆ ಬಡಿಯುವುದು, ಅದರಲ್ಲೂ ದುಃಖದಿಂದ ಎದೆ ಬಡಿದುಕೊಳ್ಳುವುದು. ಸತ್ತವರ ಮುಂದೆ ಎದೆ ಎದೆ ಬಡಿದುಕೊಂಡದ್ದು ಈಗ ಕರೆಂಟ್ ಆಫೀಸಿಗೆ ಫೋನು ಮಾಡಿ ನಂಬರು ಬರೆದುಕೊಳ್ಳುವ ಕಂಪ್ಲೇಂಟಾಗಿದೆ, ಅದೂ ಕನ್ನಡದಲ್ಲೇ.

ಪಾದ್ರಿಯ ಬಾಯಲ್ಲಿ ಡರ್ಜ್, ಗಂಟೆಯ ಬಾಯಲ್ಲಿ ನೆಲ್.

ಸಾವಿನ ಮನೆಯ ಅಳುವನ್ನು ಚರ್ಚು ಪ್ರಾರ್ಥನೆಯ ಒಳಗೆ ತಂದಿತು. ಸತ್ತವರಿಗಾಗಿ ನಡೆಯುತ್ತಿದ್ದ ಬೆಳಗಿನ ಪ್ರಾರ್ಥನೆ ಲ್ಯಾಟಿನ್ನಿನ ‘ದಿರಿಗೆ’ ಎಂಬ ಪದದಿಂದ ಶುರುವಾಗುತ್ತಿತ್ತು. ನನ್ನನ್ನು ಸರಿದಾರಿಯಲ್ಲಿ ನಡೆಸು ಎಂದು ದೇವರಲ್ಲಿ ಬೇಡುವ ಪದ. ಆ ಮೊದಲ ಪದವೇ ಸವೆದು ಶೋಕಗೀತೆಗೆಲ್ಲ ಹೆಸರಾಯಿತು. ಮೂಲದಲ್ಲಿ ಅದರಲ್ಲಿ ಅಳುವೇ ಇಲ್ಲ.

ನೆಲ್ ಎಂದರೆ ಸಾವಿನ ಗಂಟೆ. ಇಂಗ್ಲೆಂಡಿನ ಎಷ್ಟೋ ಹಳ್ಳಿಗಳಲ್ಲಿ ಗಂಡಸು ಸತ್ತರೆ ಮೂರು ಮೂರರಂತೆ ಒಂಬತ್ತು ಹೊಡೆತ, ಹೆಂಗಸು ಸತ್ತರೆ ಆರು. ಅದಾದ ಮೇಲೆ ವಯಸ್ಸಿನಷ್ಟು. ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿ ಎಣಿಸುತ್ತಿದ್ದರು. ಊರಿನಲ್ಲಿ ಯಾರು ಹಾಸಿಗೆ ಹಿಡಿದಿದ್ದರು ಎಂಬುದು ಗೊತ್ತೇ ಇರುತ್ತಿತ್ತು, ಎಣಿಕೆ ಮುಗಿಯುವಷ್ಟರಲ್ಲಿ ಹೆಸರು ತಿಳಿದಿರುತ್ತಿತ್ತು. ಡೊರೊಥಿ ಸೇಯರ್ಸ್ 1934ರ ತನ್ನ ಪತ್ತೇದಾರಿ ಕಾದಂಬರಿಗೆ ‘ದಿ ನೈನ್ ಟೇಲರ್ಸ್’ ಎಂದು ಹೆಸರಿಟ್ಟದ್ದು ಈ ಒಂಬತ್ತು ಹೊಡೆತದ ನೆನಪಿಗೆ. ಈ ಗಂಟೆಗೂ ಅಳತೆಗೋಲು ಬಂತು: ಸಾವಿನ ನಂತರ ಒಂದೇ ಒಂದು ಚಿಕ್ಕ ಘಂಟಾನಾದ, ಹೂಳುವ ಮುನ್ನ ಒಂದು, ಹೂಳಿದ ಮೇಲೆ ಒಂದು ಎಂದು 1604ರ ಚರ್ಚ್ ನಿಯಮ ಹೇಳಿತು.

ಹೆಂಗಸರ ಬಾಯಲ್ಲಿ ಕೀನ್.

ಚುರುಕು ಎಂಬ ಅರ್ಥದ ಕೀನ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ಐರ್ಲೆಂಡಿನದು. ಐರಿಷ್ ಭಾಷೆಯಲ್ಲಿ ಸತ್ತವರಿಗಾಗಿ ಅಳುವುದನ್ನು ಹೇಳುವ ಪದ ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಇಂಗ್ಲಿಷಿಗೆ ಬಂತು. ನಮ್ಮಲ್ಲಿ ಹಾಡಿ ಹಾಡಿ ಅಳುವ ಹೆಂಗಸರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಣದ ಹತ್ತಿರ ಕೂದಲು ಬಿಚ್ಚಿಕೊಂಡು ಕೂತ ಹೆಂಗಸು ಮೈ ತೂಗುತ್ತ ಮೊದಲು ಸತ್ತವನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಆಮೇಲೆ ಅವನ ಕುಲ, ಅವನ ಕೈಗುಣ, ಅವನು ಬಿಟ್ಟುಹೋದದ್ದರ ಬಗ್ಗೆ ಸಿಟ್ಟು, ಎಲ್ಲವನ್ನೂ ಪದ ಕಟ್ಟಿ ಹಾಡುತ್ತಿದ್ದಳು. ಕೊನೆಯ ಕೂಗಿಗೆ ಸುತ್ತ ಕೂತವರೆಲ್ಲ ದನಿ ಸೇರಿಸುತ್ತಿದ್ದರು. ಊಟ, ತಂಬಾಕು, ದುಡ್ಡು ಪಡೆದು ಅಳುವವರೂ ಇದ್ದರು. ಹದಿನೇಳನೆಯ ಶತಮಾನದಲ್ಲಿ ಐರ್ಲೆಂಡಿನ ಕ್ಯಾಥೋಲಿಕ್ ಧರ್ಮಸಭೆಗಳು ಇದನ್ನು ಮತ್ತೆ ಮತ್ತೆ ಖಂಡಿಸಿದವು. ಮತ್ತೆ ಮತ್ತೆ ಖಂಡಿಸಬೇಕಾಯಿತು ಎಂದರೆ ಹೆಂಗಸರು ಕೇಳಲಿಲ್ಲ ಎಂದೇ ಅರ್ಥ.

1773ರ ಮೇ ತಿಂಗಳಲ್ಲಿ ಕಾರ್ಕ್ ಸೀಮೆಯಲ್ಲಿ ಆರ್ಟ್ ಓ ಲೀರಿ ಎಂಬ ಇಪ್ಪತ್ತಾರರ ಯುವಕ ಗುಂಡೇಟಿಗೆ ಸತ್ತ. ಕ್ಯಾಥೋಲಿಕನಾದವನು ಐದು ಪೌಂಡಿಗಿಂತ ಬೆಲೆಬಾಳುವ ಕುದುರೆ ಇಟ್ಟುಕೊಳ್ಳಬಾರದೆಂಬ ಕಾನೂನು ಆಗ ಇತ್ತು. ಅವನ ಕುದುರೆಯನ್ನು ಅಷ್ಟಕ್ಕೇ ಕೊಡೆಂದು ಒಬ್ಬ ಅಧಿಕಾರಿ ಕೇಳಿದ, ಅವನು ಕೊಡಲಿಲ್ಲ. ಗಂಡನಿಗಾಗಿ ಐಲೀನ್ ನೀ ಖೋನಿಲ್ ಕಟ್ಟಿದ ಕೀನ್‌ನಲ್ಲಿ ಪ್ರೀತಿ ಇದೆ, ಶಾಪ ಇದೆ, ಕೊಂದವನ ಹೆಸರೂ ಇದೆ. ನಾದಿನಿಯೂ ಅದರೊಳಗೆ ಬಂದು, ಗಂಡನ ಹೆಣ ಇಟ್ಟುಕೊಂಡು ಮಲಗಲು ಹೋದೆಯಲ್ಲ ಎಂದು ಚುಚ್ಚುತ್ತಾಳೆ. ಮಕ್ಕಳನ್ನು ಮಲಗಿಸಲು ಹೋಗಿದ್ದೆ ಎಂದು ಈಕೆ ಅಲ್ಲೇ ಉತ್ತರ ಕೊಡುತ್ತಾಳೆ. ನ್ಯಾಯಾಲಯದಲ್ಲಿ ವಕೀಲರಾಗುವ ಅವಕಾಶವಿಲ್ಲದ ಹೆಂಗಸರು ಹೆಣದ ಮುಂದೆ ಕೂತು ವಾದ ಮಂಡಿಸುತ್ತಿದ್ದಾರೆ. ಈ ರಚನೆ ಬರಹಕ್ಕೆ ಬಂದದ್ದು ದಶಕಗಳ ನಂತರ, ನೊರಿ ಸಿಂಗಲ್‌ಟನ್ ಎಂಬ ಅಳುವ ಕಸುಬಿನ ಹೆಂಗಸಿನ ಬಾಯಿಂದ.

ಈಗಿನ ಇಂಗ್ಲಿಷ್ ಕಾದಂಬರಿಗಳಲ್ಲಿ ಗಾಳಿ ಕೀನ್ ಮಾಡುತ್ತದೆ, ಕಟ್ಟಿಹಾಕಿದ ನಾಯಿಯೂ ಮಾಡುತ್ತದೆ. ಆ ಬಳಕೆ ನನಗೆ ಒಗ್ಗುವುದಿಲ್ಲ. ಗಾಳಿ ಯಾರ ಹೆಸರನ್ನೂ ಹಿಡಿದು ಕರೆಯುವುದಿಲ್ಲ, ಯಾರ ಮೇಲೂ ಕೊಲೆಯ ಆರೋಪ ಹೊರಿಸುವುದಿಲ್ಲ. ಅದಕ್ಕೆ ಮೋನ್, ಹೌಲ್ ಎಂಬ ಬೇರೆ ಪದಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ.