ಪದವಿಯೂ ಪ್ರಾವೀಣ್ಯವೂ: ಅಮೆರಿಕದ ಉನ್ನತ ಶುಶ್ರೂಷಾ ಶಿಕ್ಷಣದ ವಿಮರ್ಶೆ

ವೈದ್ಯರಲ್ಲದವರು ರೋಗವನ್ನು ನಿರ್ಣಯಿಸಿ ಔಷಧವನ್ನು ವಿಧಿಸಬಹುದೆ? ವಿಧಿಸಬಹುದಾದರೆ ಅವರ ಅರ್ಹತೆಯನ್ನು ಯಾವ ಮಾನದಿಂದ ಅಳೆಯಬೇಕು? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ ಕಳೆದ ಅರುವತ್ತು ವರ್ಷಗಳಿಂದ ಕೊಡುತ್ತ ಬಂದಿರುವ ಉತ್ತರ ಒಂದೇ: ಮೇಲಿನ ಪದವಿ. ಆ ಉತ್ತರದಲ್ಲಿ ಎಷ್ಟು ಸತ್ಯವಿದೆ, ಎಷ್ಟು ಅಭ್ಯಾಸಬಲವಿದೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಪ್ರಬಂಧದಲ್ಲಿ ನಮ್ಮ ಉದ್ದೇಶ. ಪದವಿಯನ್ನೇ ಯೋಗ್ಯತೆಯ ಅಳತೆಗೋಲಾಗಿ ಮಾಡಿಕೊಂಡಿರುವ ಅಧ್ಯಾಪಕ ವರ್ಗಕ್ಕೆ ಈ ವಿಷಯ ಪರಕೀಯವಾಗಲಾರದೆಂದು ನಂಬಿದ್ದೇವೆ.

ಅಲ್ಲಿ ಉನ್ನತ ವೃತ್ತಿಯ ನರ್ಸುಗಳೆಂದು ಕರೆಯಿಸಿಕೊಳ್ಳುವವರು ನಾಲ್ಕು ಬಗೆಯವರು: ಅರಿವಳಿಕೆ ಕೊಡುವವರು, ಹೆರಿಗೆ ಮಾಡಿಸುವವರು, ಯಾವುದಾದರೊಂದು ಚಿಕಿತ್ಸಾ ವಿಭಾಗದಲ್ಲಿ ವಿಶೇಷಜ್ಞರಾದವರು, ಮತ್ತು ನರ್ಸ್ ಪ್ರಾಕ್ಟಿಷನರುಗಳು. ಈ ವಿಂಗಡಣೆಯನ್ನು 2008ರ ಒಡಂಬಡಿಕೆಯೊಂದು ಸ್ಥಿರಪಡಿಸಿತು. ಇವರೆಲ್ಲರೂ ಇಂದು ಸ್ನಾತಕೋತ್ತರ ವಿದ್ಯಾಲಯದ ಬಾಗಿಲಿನಿಂದಲೇ ಬರಬೇಕು. ಆದರೆ ಇವರಲ್ಲಿ ಮೊದಲಿನ ಎರಡು ಬಗೆಯವರು ಪದವಿಯಿಂದ ಹುಟ್ಟಿದವರಲ್ಲ. ಮಿನೆಸೋಟದ ರಾಚೆಸ್ಟರಿನಲ್ಲಿ ಮೇಯೋ ಸೋದರರ ಶಸ್ತ್ರಕ್ರಿಯೆಗಳಿಗೆ ಅರಿವಳಿಕೆ ಕೊಡುತ್ತಿದ್ದ ಆಲಿಸ್ ಮಗಾ ಎಂಬ ನರ್ಸು ಹದಿನಾಲ್ಕು ಸಾವಿರಕ್ಕೂ ಮಿಕ್ಕಿದ ತನ್ನ ಅನುಭವವನ್ನು 1906ರಲ್ಲಿ ಬರೆದು ಪ್ರಕಟಿಸಿದಳು. ಆಕೆಗೆ ವಿಶ್ವವಿದ್ಯಾನಿಲಯದ ಯಾವ ಉನ್ನತ ಪದವಿಯೂ ಇರಲಿಲ್ಲ. ಮುಂದೆ ಈ ಕೆಲಸ ವೈದ್ಯವೃತ್ತಿಯ ಅತಿಕ್ರಮಣವೆಂದು ಕ್ಯಾಲಿಫೋರ್ನಿಯದ ವೈದ್ಯರು ಡಾಗ್ಮಾರ್ ನೆಲ್ಸನ್ ಎಂಬ ನರ್ಸಿನ ಮೇಲೆ ವ್ಯಾಜ್ಯ ಹೂಡಿದಾಗ, 1936ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಶಸ್ತ್ರವೈದ್ಯನ ನಿರ್ದೇಶನದಲ್ಲಿ ನಡೆಯುವ ಈ ಕೆಲಸ ಅತಿಕ್ರಮಣವಲ್ಲವೆಂದು ತೀರ್ಪಿತ್ತಿತು. ಕೆಂಟಕಿಯ ಗುಡ್ಡಗಾಡಿನಲ್ಲಿ 1925ರಲ್ಲಿ ಮೇರಿ ಬ್ರೆಕಿನ್‌ರಿಜ್ ಆರಂಭಿಸಿದ ಸೇವೆಯ ಕಥೆಯೂ ಹೀಗೆಯೇ. ಕುದುರೆಯೇರಿ ಹಳ್ಳ ದಾಟಿ ಹೆರಿಗೆ ಮಾಡಿಸಿದ ಆ ಹೆಂಗಸರಲ್ಲಿ ಅನೇಕರು ಬ್ರಿಟನ್ನಿನಿಂದ ಬಂದವರು. ಯುದ್ಧ ಬಂದು ಅವರು ತಾಯ್ನಾಡಿಗೆ ಮರಳಿದ್ದರಿಂದ 1939ರಲ್ಲಿ ಅಲ್ಲಿಯೇ ಒಂದು ಶಾಲೆಯನ್ನು ತೆರೆಯಬೇಕಾಯಿತು. ಅದೇ ಶಾಲೆ ಇಂದು ದೂರಶಿಕ್ಷಣದ ಮೂಲಕ ಡಾಕ್ಟರೇಟ್ ಕೊಡುವ ವಿಶ್ವವಿದ್ಯಾನಿಲಯವಾಗಿ ಬೆಳೆದಿದೆ!

ವಿಶೇಷಜ್ಞೆಯ ಮಾತು ಬೇರೆ. ಅಲ್ಲಿ ಶಾಸ್ತ್ರ ಮುಂದಾಗಿ ನಡೆಯಿತು. ಹಿಲ್ಡೆಗಾರ್ಡ್ ಪೆಪ್ಲಾವ್ 1954ರಲ್ಲಿ ರಟ್‌ಗರ್ಸ್ ವಿಶ್ವವಿದ್ಯಾನಿಲಯದಲ್ಲಿ ತೆರೆದ ಸ್ನಾತಕೋತ್ತರ ತರಗತಿ ಮನೋರೋಗಿಗಳ ಶುಶ್ರೂಷೆಯಲ್ಲಿ ವಿಶೇಷಜ್ಞರನ್ನು ತಯಾರು ಮಾಡಲೆಂದೇ ಹೊರಟದ್ದು. ನರ್ಸಿಗೂ ರೋಗಿಗೂ ನಡುವಣ ಸಂಬಂಧವೇ ಚಿಕಿತ್ಸೆಯ ಒಂದು ಅಂಗ ಎಂಬ ಆಕೆಯ ವಿಚಾರ ಪುಸ್ತಕರೂಪದಲ್ಲಿ ಅದಕ್ಕೆ ಎರಡು ವರ್ಷ ಮೊದಲೇ ಬಂದಿತ್ತು. ನಮ್ಮ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾದದ್ದೂ 1954ರಲ್ಲಿಯೇ. ಅಲ್ಲಿಯೂ ಆರಂಭದ ವರ್ಷಗಳಲ್ಲಿಯೇ ಮಾನಸಿಕ ಶುಶ್ರೂಷೆಯ ಡಿಪ್ಲೊಮಾ ಶಿಕ್ಷಣ ಮೊದಲಾಯಿತು. ಎರಡು ದೇಶಗಳು ಒಂದೇ ಕೊರತೆಯನ್ನು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಂಡುಕೊಂಡವು. ಒಂದು ಅದಕ್ಕೆ ಪದವಿಯ ಹೆಸರಿಟ್ಟಿತು, ಮತ್ತೊಂದು ಡಿಪ್ಲೊಮಾದ ಹೆಸರಿಟ್ಟಿತು.

ನರ್ಸ್ ಪ್ರಾಕ್ಟಿಷನರ್ ಎಂಬ ಹೆಸರು ಹುಟ್ಟಿದ್ದು 1965ರಲ್ಲಿ, ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ. ಸಾರ್ವಜನಿಕ ಆರೋಗ್ಯ ನರ್ಸಾಗಿದ್ದ ಲೊರೆಟ್ಟಾ ಫೋರ್ಡ್, ಮಕ್ಕಳ ವೈದ್ಯರಾಗಿದ್ದ ಹೆನ್ರಿ ಸಿಲ್ವರ್ ಇಬ್ಬರೂ ಸೇರಿ ವೈದ್ಯರಿಲ್ಲದ ಕಡೆಗಳಲ್ಲಿ ಮಕ್ಕಳ ಆರೋಗ್ಯವನ್ನು ನೋಡಿಕೊಳ್ಳಬಲ್ಲ ನರ್ಸುಗಳನ್ನು ತರಬೇತು ಮಾಡಿದರು. ಇದನ್ನು ಅನುಕರಿಸಿ ಎದ್ದ ಶಿಕ್ಷಣಕ್ರಮಗಳಲ್ಲಿ ಬಹಳಷ್ಟು ಕೇವಲ ಪ್ರಮಾಣಪತ್ರ ಕೊಡುವಂಥವು. ಅವು ಕ್ರಮೇಣ ಸ್ನಾತಕೋತ್ತರ ಪದವಿಗಳಾದದ್ದಕ್ಕೆ ವಿದ್ಯೆಯ ಒತ್ತಡವೊಂದೇ ಕಾರಣವೆಂದು ಹೇಳುವವರೊಡನೆ ನಮಗೆ ಸಹಮತವಿಲ್ಲ. ಹಣದ ಒತ್ತಡವೂ ಇತ್ತು. ವೃದ್ಧರ ಚಿಕಿತ್ಸಾವೆಚ್ಚವನ್ನು ಭರಿಸುವ ಮೆಡಿಕೇರ್ ಯೋಜನೆ 1997ರ ಶಾಸನದ ಮೇರೆಗೆ, ಊರಾವುದಾದರೂ ಸರಿ, ನರ್ಸ್ ಪ್ರಾಕ್ಟಿಷನರಿಗೆ ನೇರವಾಗಿ ಸಂಭಾವನೆ ಕೊಡತೊಡಗಿತು. ಅದು ವೈದ್ಯರ ದರದ ಶೇಕಡ 85. ಜೊತೆಗೆ 2003ರಿಂದ ಹೊಸದಾಗಿ ಈ ಯೋಜನೆಗೆ ಸೇರುವವರಿಗೆ ಸ್ನಾತಕೋತ್ತರ ಪದವಿ ಇರಲೇಬೇಕೆಂಬ ನಿಯಮವೂ ಬಂದಿತು. ಸಂಭಾವನೆಯ ಕೀಲಿಗೆ ಪದವಿಯೇ ಕೈಯಾದ ಮೇಲೆ ಪ್ರಮಾಣಪತ್ರದ ಶಾಲೆಗಳು ಉಳಿಯುವ ಬಗೆಯೆಂತು?

ಈಗಿನ ಮಾರ್ಗಗಳನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಸ್ನಾತಕ ಪದವಿಯುಳ್ಳ ನರ್ಸು ಎರಡು ಮೂರು ವರ್ಷಗಳಲ್ಲಿ ಎಂ.ಎಸ್.ಎನ್. ಪಡೆಯಬಹುದು. ಎರಡು ವರ್ಷದ ಕಾಲೇಜಿನಿಂದ ಬಂದ ನರ್ಸಿಗೆ ಸೇತುವೆಯಂಥ ಕ್ರಮಗಳಿವೆ. ಬೇರೆ ಶಾಸ್ತ್ರದಲ್ಲಿ ಪದವಿ ಪಡೆದು ನರ್ಸೇ ಆಗಿರದವರಿಗೆ ಯೇಲ್ ವಿಶ್ವವಿದ್ಯಾನಿಲಯ 1974ರಲ್ಲಿಯೇ ಮೂರು ವರ್ಷದ ನೇರ ಪ್ರವೇಶವನ್ನು ತೆರೆಯಿತು. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವವರಿಗೆ ಸ್ನಾತಕೋತ್ತರೋತ್ತರ ಪ್ರಮಾಣಪತ್ರವೂ ಉಂಟು (ಈ ಶಬ್ದ ನಮಗೂ ಕರ್ಣಕಠೋರವಾಗಿಯೇ ಕೇಳುತ್ತದೆ). ಯಾವ ದಾರಿಯಿಂದ ಬಂದರೂ ರೋಗಪ್ರಕ್ರಿಯೆ, ದೇಹಪರೀಕ್ಷೆ, ಔಷಧಶಾಸ್ತ್ರ ಈ ಮೂರನ್ನು ಉನ್ನತ ಮಟ್ಟದಲ್ಲಿ ಪ್ರತ್ಯೇಕವಾಗಿ ಓದಿಯೇ ತೀರಬೇಕು. ಈ ನಿಯಮವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಔಷಧ ಬರೆಯುವ ಕೈಗೆ ಔಷಧದ ಜ್ಞಾನ ಬೇಡವೆಂದು ಯಾರೂ ವಾದಿಸಲಾರರು.

ವಿವಾದಾಸ್ಪದವಾದದ್ದು ಇದರ ಮೇಲಿನ ಅಂತಸ್ತು. ಶುಶ್ರೂಷಾ ವೃತ್ತಿಯ ಡಾಕ್ಟರೇಟ್, ಅಂದರೆ ಡಿ.ಎನ್.ಪಿ., ಕೆಂಟಕಿ ವಿಶ್ವವಿದ್ಯಾನಿಲಯದಲ್ಲಿ 2001ರಲ್ಲಿ ಮೊದಲಾಯಿತು. ಮೂರೇ ವರ್ಷಗಳ ತರುವಾಯ, 2004ರಲ್ಲಿ, ಅಮೆರಿಕದ ಶುಶ್ರೂಷಾ ಕಾಲೇಜುಗಳ ಸಂಘ 2015ರ ಹೊತ್ತಿಗೆ ಉನ್ನತ ವೃತ್ತಿಗೆ ಈ ಪದವಿಯೇ ಪ್ರವೇಶದ ಮೆಟ್ಟಿಲಾಗಬೇಕೆಂದು ನಿರ್ಣಯಿಸಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ನಿರ್ಲಕ್ಷಿಸುವಂಥದಲ್ಲ: ಸ್ನಾತಕೋತ್ತರ ತರಗತಿಗಳು ಆಗಲೇ ಉಬ್ಬಿಹೋಗಿದ್ದುವು, ವಿದ್ಯಾರ್ಥಿಗಳು ಪಟ್ಟ ಶ್ರಮಕ್ಕೆ ತಕ್ಕ ಪದವಿ ಸಿಗುತ್ತಿರಲಿಲ್ಲ. ಔಷಧಶಾಸ್ತ್ರದವರೂ ಭೌತಚಿಕಿತ್ಸೆಯವರೂ ಡಾಕ್ಟರೇಟಿಗೆ ಏರಿರುವಾಗ ನರ್ಸುಗಳು ಮಾತ್ರ ಕೆಳಗೆ ನಿಲ್ಲಬೇಕೆ ಎಂಬ ಅಭಿಮಾನವನ್ನೂ ನಾವು ಹಳಿಯುವುದಿಲ್ಲ.

ಆದರೆ ಪ್ರಮಾಣ ಎಲ್ಲಿದೆ? ಈ ಚರ್ಚೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಮೇರಿ ಮುಂಡಿಂಜರ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಪರೀಕ್ಷೆ. 1316 ರೋಗಿಗಳನ್ನು ಯಾದೃಚ್ಛಿಕವಾಗಿ ವೈದ್ಯರಿಗೂ ನರ್ಸ್ ಪ್ರಾಕ್ಟಿಷನರುಗಳಿಗೂ ಹಂಚಲಾಯಿತು. ಆರು ತಿಂಗಳ ಬಳಿಕ ಅವರ ಆರೋಗ್ಯಸ್ಥಿತಿಯಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಕೆಲಸ ಶ್ಲಾಘ್ಯವಾದದ್ದೇ. ಆದರೆ ಅದು ಪ್ರಕಟವಾದಾಗ ಡಿ.ಎನ್.ಪಿ. ಎಂಬುದು ಇನ್ನೂ ಹುಟ್ಟಿಯೇ ಇರಲಿಲ್ಲವೆಂಬುದನ್ನು ವಾಚಕರು ಲಕ್ಷಿಸಬೇಕು. ಡಾಕ್ಟರೇಟಿಲ್ಲದ ನರ್ಸುಗಳು ಸಮರ್ಥರೆಂದು ತೋರಿಸಿದ ಸಾಕ್ಷ್ಯ ಡಾಕ್ಟರೇಟ್ ಅನಿವಾರ್ಯವೆಂಬ ವಾದಕ್ಕೆ ಆಧಾರವಾಗಲಾರದು. ಹೆಚ್ಚೆಂದರೆ ಅದು ವಿರುದ್ಧ ಪಕ್ಷಕ್ಕೆ ಒದಗುತ್ತದೆ. ಮುಂಡಿಂಜರ್ ಅವರೇ ಮುಂದೆ ವೃತ್ತಿಪರ ಡಾಕ್ಟರೇಟಿನ ಪ್ರಬಲ ಪ್ರತಿಪಾದಕರಾದದ್ದು ಈ ಚರಿತ್ರೆಯ ಒಂದು ವಿಚಿತ್ರ. ಅಫಾಫ್ ಮೆಲೈಸ್, ಕ್ಯಾಥ್ಲೀನ್ ಡ್ರಾಕಪ್ ಎಂಬ ಇಬ್ಬರು ಹಿರಿಯ ವಿದ್ವಾಂಸೆಯರು 2005ರಲ್ಲಿಯೇ ಈ ಪದವಿಯನ್ನು ವಿರೋಧಿಸಿ ಬರೆದರು. ಸಂಶೋಧನೆಯ ಪಿಎಚ್.ಡಿ.ಯಿಂದ ವೃತ್ತಿಯನ್ನು ಬೇರ್ಪಡಿಸಿದರೆ ಶುಶ್ರೂಷಾಶಾಸ್ತ್ರ ಎರಡು ಹೋಳಾದೀತೆಂಬ ಅವರ ಭಯವನ್ನು ಅಲ್ಲಗಳೆಯುವುದು ಸುಲಭವಲ್ಲ.

ಇನ್ನು ಪಠ್ಯದ ಮಾತು. ಡಿ.ಎನ್.ಪಿ.ಗೆ ಸ್ನಾತಕೋತ್ತರ ವ್ಯಾಸಂಗವನ್ನೂ ಕೂಡಿಸಿಕೊಂಡು ಒಂದು ಸಾವಿರ ಗಂಟೆಗಳ ಪ್ರಾಯೋಗಿಕ ಕೆಲಸ ಬೇಕು. ನರ್ಸ್ ಪ್ರಾಕ್ಟಿಷನರಿಗೆ ರೋಗಿಯ ಎದುರಿನಲ್ಲಿ ಕಳೆಯಬೇಕಾದ ಕನಿಷ್ಠ ಅವಧಿ ಬಹುಕಾಲ 500 ಗಂಟೆಗಳಾಗಿದ್ದು, 2022ರ ನಿಯಮಾವಳಿಯಲ್ಲಿ 750ಕ್ಕೆ ಏರಿತು. ಈ ಏರಿಕೆಯನ್ನು ನಾವು ಪದವಿಯ ಏರಿಕೆಗಿಂತ ದೊಡ್ಡ ಸುಧಾರಣೆಯೆಂದು ಎಣಿಸುತ್ತೇವೆ. ಡಾಕ್ಟರೇಟಿನಲ್ಲಿ ಹೊಸದಾಗಿ ಸೇರುವ ವಿಷಯಗಳಲ್ಲಿ ಸಂಸ್ಥೆಗಳ ನಾಯಕತ್ವ, ಆರೋಗ್ಯನೀತಿ, ಮಾಹಿತಿತಂತ್ರ ಮೊದಲಾದುವು ಪ್ರಧಾನವಾಗಿವೆ. ಅವು ವ್ಯರ್ಥವಲ್ಲ. ಆದರೆ ಜ್ವರದ ಮಗುವಿನ ಮುಂದೆ ನಿಂತವಳಿಗೆ ಅವುಗಳಿಂದ ಒದಗುವುದು ಸ್ವಲ್ಪವೇ.

2015 ಕಳೆಯಿತು, ನಿರ್ಣಯ ಈಡೇರಲಿಲ್ಲ. ನರ್ಸ್ ಪ್ರಾಕ್ಟಿಷನರ್ ಶಿಕ್ಷಣದ ಸಂಘ 2018ರಲ್ಲಿ ಗಡುವನ್ನು 2025ಕ್ಕೆ ದೂಡಿತು, ಅದೂ ಕಳೆಯಿತು. ಸ್ನಾತಕೋತ್ತರ ಪದವಿಗೆ ಇಂದಿಗೂ ಮಾನ್ಯತೆಯುಂಟು. ಹೆರಿಗೆಯ ನರ್ಸುಗಳು 2010ರಿಂದ ಸ್ನಾತಕೋತ್ತರ ಪದವಿಯನ್ನು ಒಪ್ಪಿ ಅಲ್ಲಿಗೇ ನಿಂತರು. ಅರಿವಳಿಕೆಯವರು ಮಾತ್ರ 2022ರ ಜನವರಿಯಿಂದ ಹೊಸ ವಿದ್ಯಾರ್ಥಿಗಳೆಲ್ಲರಿಗೂ ಡಾಕ್ಟರೇಟನ್ನು ಕಡ್ಡಾಯ ಮಾಡಿದರು. ಆಲಿಸ್ ಮಗಾಳ ವೃತ್ತಿಯೇ ಮೊದಲು ಈ ಎತ್ತರವನ್ನು ಏರಿತೆಂಬುದು ಸ್ವಾರಸ್ಯಕರ.

ಪದವಿಯಿಂದ ಅಧಿಕಾರ ಬರುತ್ತದೆಂಬ ನಂಬಿಕೆಯನ್ನು ಭೂಪಟವೂ ಎತ್ತಿಹಿಡಿಯುವುದಿಲ್ಲ. ನ್ಯೂ ಮೆಕ್ಸಿಕೋದ ಲಾಸ್ ಕ್ರೂಸೆಸ್ ಪಟ್ಟಣದಲ್ಲಿ ನರ್ಸ್ ಪ್ರಾಕ್ಟಿಷನರು ಸ್ವತಂತ್ರವಾಗಿ ರೋಗಿಗಳನ್ನು ನೋಡಿ ಔಷಧ ಬರೆಯಬಹುದು. ಅಲ್ಲಿಂದ ಸುಮಾರು ಒಂದು ಗಂಟೆಯ ಹಾದಿಯ ಎಲ್ ಪಾಸೊ ಟೆಕ್ಸಸ್ ರಾಜ್ಯಕ್ಕೆ ಸೇರಿದ್ದು. ಅಲ್ಲಿ ಔಷಧ ಬರೆಯಲು ವೈದ್ಯನೊಬ್ಬನೊಡನೆ ಲಿಖಿತ ಒಪ್ಪಂದವಿರಬೇಕು. ಗಡಿ ದಾಟುವಾಗ ಆಕೆಯ ಪದವಿ ಕುಂದಲಿಲ್ಲ, ಕೈಯ ಪಳಗು ಮಾಸಲಿಲ್ಲ, ಅಧಿಕಾರ ಮಾತ್ರ ಕುಗ್ಗಿತು. ಪದವಿಗಾಗಿ ಸಾಲ ಮಾಡುವ ವಿದ್ಯಾರ್ಥಿನಿಗೆ ಈ ಸಂಗತಿಯನ್ನು ಪ್ರವೇಶದ ದಿನವೇ ತಿಳಿಸಬೇಕಾದದ್ದು ನ್ಯಾಯ.

ನಮ್ಮಲ್ಲಿಯೂ ಇಂಥ ಏರಿಳಿತಗಳು ನಡೆದಿವೆ. ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್.ಡಿ. ಕಡ್ಡಾಯವೆಂದು ಧನಸಹಾಯ ಆಯೋಗ 2018ರಲ್ಲಿ ವಿಧಿಸಿ, ಗಡುವನ್ನು ಮುಂದೂಡಿ, 2023ರಲ್ಲಿ ಆ ಕಡ್ಡಾಯವನ್ನೇ ಕೈಬಿಟ್ಟಿತು. ನಡುವಣ ವರ್ಷಗಳಲ್ಲಿ ಅವಸರದಿಂದ ಬರೆದ ಮಹಾಪ್ರಬಂಧಗಳ ಗುಣವನ್ನು ನಾವು ಇಲ್ಲಿ ವಿಚಾರಿಸಹೊರಟಿಲ್ಲ.

ಭಾರತೀಯ ಶುಶ್ರೂಷಾ ಪರಿಷತ್ತು ತೀವ್ರ ನಿಗಾ ಚಿಕಿತ್ಸೆಗಾಗಿ ರೂಪಿಸಿದ ನರ್ಸ್ ಪ್ರಾಕ್ಟಿಷನರ್ ಸ್ನಾತಕೋತ್ತರ ಕ್ರಮ ಎರಡು ವರ್ಷದ್ದು. ಅದು ರೆಸಿಡೆನ್ಸಿಯ ಸ್ವರೂಪದ್ದಾದುದರಿಂದ ವಿದ್ಯಾರ್ಥಿಯ ಕಾಲದಲ್ಲಿ ಬಹುಪಾಲು ರೋಗಿಯ ಮಗ್ಗುಲಲ್ಲಿಯೇ ಕಳೆಯುತ್ತದೆ. ಈ ಅಂಶದಲ್ಲಿ ನಮ್ಮ ಪಠ್ಯಕ್ರಮ ಅಮೆರಿಕದ ಡಾಕ್ಟರೇಟಿಗಿಂತ ವಿವೇಕಯುತವಾಗಿದೆಯೆಂದು ಹೇಳಲು ನಮಗೆ ಸಂಕೋಚವಿಲ್ಲ. ಆದರೆ ಹೀಗೆ ಪಳಗಿದವರು ಔಷಧ ಕೊಡಬೇಕಾದದ್ದು ಆಯಾ ಆಸ್ಪತ್ರೆಯ ಲಿಖಿತ ನಿಯಮಗಳ ಮೇರೆಯೊಳಗೆ. ಆ ಮೇರೆಯನ್ನು ಒಂದು ಆಸ್ಪತ್ರೆ ವಿಶಾಲವಾಗಿ ಎಳೆಯಬಹುದು, ಮತ್ತೊಂದು ಗೆರೆಯನ್ನೇ ಎಳೆಯದೆ ಇರಬಹುದು. ಎಲ್ ಪಾಸೊ ದಾರಿಯಲ್ಲಿ ಒಂದೇ ಗಡಿ ಸಿಗುತ್ತದೆ. ಇಲ್ಲಿ ಒಂದೇ ಬೀದಿಯ ಎರಡು ಆಸ್ಪತ್ರೆಗಳ ನಡುವೆಯೂ ಅಂಥದೊಂದು ಗಡಿ ಬಿದ್ದೀತು. 2023ರ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಶಾಸನದ ಮೇರೆಗೆ ನಿಯಮಗಳನ್ನು ರಚಿಸುವವರು ಪದವಿಯ ಹೆಸರನ್ನು ಕುರಿತು ಚರ್ಚಿಸುವುದಕ್ಕೆ ಮೊದಲು ಈ ಗೆರೆಯನ್ನು ಬರೆಯಬೇಕಾಗಿದೆ.