ಬಂಜರು ಅನ್ನೋ ಲೇಬಲ್ಲು

ಕಾದಂಬರಿ, ಸಿನಿಮಾ ವಿಮರ್ಶೆ ಮಾಡೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ‘ವೇಸ್ಟ್‌ಲ್ಯಾಂಡ್ಸ್ ಅಟ್ಲಾಸ್ ಆಫ್ ಇಂಡಿಯಾ’ ಅನ್ನೋ ಪುಸ್ತಕವನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳಲ್ಲ. ಕೇಂದ್ರದ ಭೂಸಂಪನ್ಮೂಲ ಇಲಾಖೆ ಮತ್ತು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಸೇರಿ ತರುವ ನಕ್ಷೆಗಳ ಸಂಪುಟ ಇದು. ಮೊದಲನೆಯದು 2000ದಲ್ಲಿ ಬಂತು, ಐದನೆಯದು 2019ರಲ್ಲಿ. ಓದುಗರು ಕಡಿಮೆ ಇರಬಹುದು, ಆದರೆ ಊರಾಚೆಯ ನೆಲದ ಹಣೆಬರಹ ಬರೆಯೋದರಲ್ಲಿ ಇಂಥ ಪುಸ್ತಕಗಳ ಪಾಲು ದೊಡ್ಡದು.

ಮೊದಲು ಮೆಚ್ಚಬೇಕಾದ್ದನ್ನು ಹೇಳಿಬಿಡ್ತೀನಿ. ಇಡೀ ದೇಶವನ್ನು ಉಪಗ್ರಹ ಚಿತ್ರಗಳಿಂದ ಅಳೆದು, 23 ಬಗೆಯಾಗಿ ವಿಂಗಡಿಸಿ, ಹಳೆಯ ಲೆಕ್ಕದ ಪಕ್ಕದಲ್ಲಿ ಹೊಸ ಲೆಕ್ಕ ಇಡೋದು ಸಣ್ಣ ಕೆಲಸವಲ್ಲ. 2015-16ರ ಲೆಕ್ಕದಲ್ಲಿ ದೇಶದ 16.96% ನೆಲ, ಅಂದರೆ ಸುಮಾರು 5.58 ಕೋಟಿ ಹೆಕ್ಟೇರ್, ‘ವೇಸ್ಟ್’. ಡೇಟಾ ಜೊತೆ ದಿನಾ ಗುದ್ದಾಡುವ ನನಗೆ ಆ ಅಚ್ಚುಕಟ್ಟುತನ ಕಂಡರೆ ಗೌರವ.

ತಕರಾರು ಇರೋದು ಲೇಬಲ್ ಬಗ್ಗೆ. ಕುರುಚಲು ನೆಲ ಒಂದು ಬಗೆ, ಬರೀ ಬಂಡೆಯ ನೆಲ ಇನ್ನೊಂದು, ಜೌಗು ಮತ್ತೊಂದು. ಇವು ಕಣ್ಣಿಗೆ ಕಂಡದ್ದರ ವಿವರ, ಸರಿ. ಆದರೆ ಇಷ್ಟನ್ನೂ ಸೇರಿಸಿ ಮೇಲೆ ‘ವೇಸ್ಟ್’ ಅಂತ ಹೆಸರಿಟ್ಟರೆ ಅದು ವಿವರ ಅಲ್ಲ, ತೀರ್ಪು. ನೆಲದ ಬಣ್ಣ ಹೇಳೋದಷ್ಟೇ ಉಪಗ್ರಹದ ಕೆಲಸ. ಅದು ಕೆಲಸಕ್ಕೆ ಬಾರದ್ದು ಅಂತ ಹೇಳಿದ್ದು ಮನುಷ್ಯರು.

ಈ ತೀರ್ಪು ಹಳೇದು. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮರಿಂದ ಕಂಪನಿಗೆ ಬಂತು. 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಹೊಲಗಳನ್ನು ಅಳೆಸಿ ರೈತವಾರಿ ಕಂದಾಯ ನಿಗದಿ ಮಾಡಿಸಿದ. ಕಂದಾಯದ ಕಣ್ಣಿಗೆ ನೆಲ ಎರಡೇ ಥರ: ದುಡ್ಡು ಕೊಡೋದು, ಕೊಡದೇ ಇರೋದು. ಹಳ್ಳಿಯಲ್ಲಿ ಬೆಳೆದ ನಮಗೆ ಹಾಗಲ್ಲ. ಗೋಮಾಳ, ಕಾವಲು, ಬೀಳು, ಅಡವಿ ಅಂತ ಒಂದೊಂದಕ್ಕೂ ಬೇರೆ ಹೆಸರು, ಬೇರೆ ಉಪಯೋಗ. ಕುರಿ ಕಾಯೋರ ಹತ್ರ ಹೋಗಿ ‘ಇದು ವೇಸ್ಟ್ ಜಾಗ’ ಅಂದ್ರೆ ನಕ್ಕುಬಿಡ್ತಾರೆ.

ನಮ್ಮ ಜಿಲ್ಲೆಯನ್ನೇ ನೋಡ್ರಿ. ಬಳ್ಳಾರಿ ಗುಡ್ಡ, ಕುರುಗೋಡಿನ ಕಲ್ಲುಗುಡ್ಡಗಳು ಮೇಲಿಂದ ನೋಡಿದರೆ ಬರೀ ಬಂಡೆ. ಆದರೆ ಸಂಡೂರಿನ ಕಡೆ ಇಂಥದೇ ಬಂಡೆ, ಕುರುಚಲನ್ನು 1994ರಲ್ಲಿ ದರೋಜಿ ಕರಡಿಧಾಮ ಅಂತ ಘೋಷಿಸಿದರು. ಬಂಡೆಯ ಪೊಟರೆಗಳೇ ಕರಡಿಗಳಿಗೆ ಮನೆ. ಬಂಡೆ ಬದಲಾಗಲಿಲ್ಲ, ಲೇಬಲ್ ಬದಲಾಯ್ತು ಅಷ್ಟೇ.

ಸಿರುಗುಪ್ಪಕ್ಕೆ ಆ ಅದೃಷ್ಟ ಇನ್ನೂ ಸರಿಯಾಗಿ ಬಂದಿಲ್ಲ. ಭತ್ತ, ರೈಸ್‌ಮಿಲ್ಲಿಗೆ ಹೆಸರಾದ ಈ ತಾಲ್ಲೂಕಿನ ಒಣ ಎರೆಭೂಮಿಯಲ್ಲಿ ಎರೆಭೂತ ಅನ್ನೋ ದೊಡ್ಡ ಹಕ್ಕಿ ಇದೆ. ದೊರವಾಯನ ಹಕ್ಕಿ ಅಂತಾನೂ ಕರೀತಾರೆ. ಇಂಗ್ಲಿಷಿನ ಗ್ರೇಟ್ ಇಂಡಿಯನ್ ಬಸ್ಟರ್ಡ್. ಗಂಡು 15 ಕಿಲೋವರೆಗೂ ತೂಗುತ್ತೆ. ಹೆಣ್ಣು ನೆಲದ ಮೇಲೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತೆ. 2011ರಿಂದ ಜಗತ್ತಿನ ಅತ್ಯಂತ ಅಪಾಯದ ಪಟ್ಟಿಯಲ್ಲಿರುವ ಈ ಹಕ್ಕಿ ದೇಶದಲ್ಲಿ ಉಳಿದಿರೋದು ನೂರರ ಲೆಕ್ಕದಲ್ಲಿ, ಅದೂ ಬಹುಪಾಲು ರಾಜಸ್ಥಾನದಲ್ಲಿ. ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು. ಅದಕ್ಕೆ ಬೇಕಾದ್ದು ದಟ್ಟ ಕಾಡಲ್ಲ. ತಗ್ಗು ಹುಲ್ಲು, ಕುರುಚಲು, ನಡುನಡುವೆ ಜೋಳ, ಶೇಂಗಾ ಬೆಳೆಯುವ ಮಳೆಯಾಶ್ರಿತ ಹೊಲ. ಅಂದರೆ ರೈತನನ್ನು ಎಬ್ಬಿಸಬೇಕಾಗಿಲ್ಲ. ಅವನ ಒಣ ಬೇಸಾಯಕ್ಕೆ ಆಸರೆ ಕೊಡಬೇಕು, ಸುತ್ತಲಿನ ಬಯಲನ್ನು ಬಯಲಾಗಿ ಬಿಡಬೇಕು.

ಬಿಡಲ್ಲ ನಾವು. ‘ವೇಸ್ಟ್’ ಅಂದಮೇಲೆ ಉದ್ಧಾರ ಮಾಡಲೇಬೇಕಲ್ಲ! 2008-09ರಿಂದ 2015-16ರೊಳಗೆ ಸುಮಾರು 14.5 ಲಕ್ಷ ಹೆಕ್ಟೇರ್ ಬಂಜರು ‘ಬಂಜರಲ್ಲದ’ ನೆಲವಾಯ್ತು ಅಂತ ಇದೇ ಅಟ್ಲಾಸ್ ಸಾಧನೆಯ ಧಾಟಿಯಲ್ಲಿ ಹೇಳುತ್ತೆ. ಹೊಲ, ನೆಡುತೋಪು, ಕೈಗಾರಿಕೆ ಎಲ್ಲವೂ ಅದರಲ್ಲಿ ಸೇರಿವೆ. ಅಲ್ಲಿ ಮೊದಲು ಯಾರಿದ್ದರು ಅನ್ನೋದಕ್ಕೆ ಮಾತ್ರ ಕಾಲಂ ಇಲ್ಲ. ಸೋಲಾರ್, ಗಾಳಿಯಂತ್ರಕ್ಕೂ ಇಂಥ ಬಯಲೇ ಕಣ್ಣಿಗೆ ಬೀಳೋದು. ಆದರೆ ಎರೆಭೂತಕ್ಕೆ ಎದುರಿಗಿರೋದು ಸರಿಯಾಗಿ ಕಾಣಲ್ಲ, ಹಾರುವಾಗ ಕರೆಂಟ್ ತಂತಿಗೆ ಬಡಿದು ಸಾಯುತ್ತೆ. 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತಿನ ತಂತಿಗಳನ್ನು ನೆಲದಡಿ ಹಾಕಿ ಅಂದಿದ್ದು ಅದಕ್ಕೇ. 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು.

ಗಿಡ ನೆಟ್ಟರೆ ಪುಣ್ಯ ಅನ್ನೋರೂ ಒಮ್ಮೆ ರಾಣೆಬೆನ್ನೂರಿನ ಕಡೆ ನೋಡಲಿ. ಕೃಷ್ಣಮೃಗ ಅಭಯಾರಣ್ಯದ ಆ ಬಯಲಲ್ಲೂ ಎರೆಭೂತ ಇತ್ತು. ಹುಲ್ಲಿನ ಜಾಗವನ್ನು ನೀಲಗಿರಿ ತೋಪು ತುಂಬಿಕೊಂಡಿತು. ಕೃಷ್ಣಮೃಗ ಹೇಗೋ ಉಳೀತು, ಹಕ್ಕಿ ಉಳಿಯಲಿಲ್ಲ. ಅಲ್ಲಿ ಹಸಿರು ಹೆಚ್ಚಾಗಿದ್ದೇ ಹಕ್ಕಿಗೆ ಮುಳುವಾಯ್ತು.

ನಗರದ ನಾವು ಮರಕ್ಕೆ ಕೊಡಲಿ ಬಿದ್ದರೆ ಬೀದಿಗಿಳೀತೀವಿ, ಒಳ್ಳೇದೇ. ಫಿಲ್ಮ್ ಸಿಟಿ ಬರಬೇಕಿದ್ದ ಹೆಸರಘಟ್ಟದ ಹುಲ್ಲುಗಾವಲಿಗಾಗಿ ಜನ ವರ್ಷಗಟ್ಟಲೆ ಜಗ್ಗಾಡಿದ್ದೂ ಇದೆ. ಆದರೆ ಹೆಸರಘಟ್ಟಕ್ಕೆ ಶನಿವಾರ ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ಹೋಗೋರಿದ್ದಾರೆ, ಸಿರುಗುಪ್ಪ ಅವರ ವೀಕೆಂಡಿನ ದಾರಿಯಲ್ಲಿಲ್ಲ. ಅಲ್ಲಿನ ಬಯಲಿನ ಪರವಾಗಿ ಕಾಗದದ ಮೇಲಾದರೂ ಒಂದು ಮಾತು ಇರಬೇಕು.

ಮುಂದಿನ ಸಂಪುಟಕ್ಕೆ ನಾನು ಕೇಳೋದು ಎರಡೇ ತಿದ್ದುಪಡಿ. ಕುರುಚಲು, ಬಂಡೆ, ಜೌಗಿನ ಮೇಲಿಂದ ‘ವೇಸ್ಟ್’ ಅನ್ನೋ ಹೆಸರು ತೆಗೆದು ‘ಬಯಲು ಪರಿಸರ’ ಅಂತಿಡಿ. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ಇಲ್ಲಿ ಯಾರು ಮೇಯಿಸ್ತಾರೆ, ಯಾವುದು ಮೊಟ್ಟೆ ಇಡುತ್ತೆ. ಅದು ತುಂಬುವ ತನಕ ಆ ನೆಲ ಯಾರಿಗೂ ಮಂಜೂರಾಗಬಾರದು. ‘ಬಂಜರು ಭೂಮಿಯಲ್ಲಿ ಬೃಹತ್ ಯೋಜನೆ’ ಅನ್ನೋ ಸುದ್ದಿ ಮುಂದಿನ ಸಲ ಕಂಡಾಗ ನೀವೂ ಕೇಳಿ: ಬಂಜರು, ಯಾರಿಗೆ?