ನೆನೆಯುವ ಪ್ಯಾರಿಸ್, ನೆನೆಯದ ಪ್ಯಾರಿಸ್

ವುಡಿ ಅಲನ್ ಅವರ ‘ಮಿಡ್‌ನೈಟ್ ಇನ್ ಪ್ಯಾರಿಸ್’ (2011) ಸಿನಿಮಾದ ಮೊದಲ ಮೂರು ನಿಮಿಷಗಳಲ್ಲಿ ಒಂದು ಮಾತೂ ಇಲ್ಲ. ಸಿಡ್ನಿ ಬೆಷೆಯ ಸ್ಯಾಕ್ಸೊಫೋನ್ ನುಡಿಯುತ್ತಿರುತ್ತದೆ. ಬೀದಿ, ಸೇತುವೆ, ಕೆಫೆ, ಉದ್ಯಾನಗಳು ಒಂದಾದ ಮೇಲೊಂದು ಬಂದು ಹೋಗುತ್ತವೆ. ನಡುವೆ ಮಳೆ ಬೀಳುತ್ತದೆ, ಕೊಡೆಗಳು ಬಿಚ್ಚಿಕೊಳ್ಳುತ್ತವೆ, ಆಮೇಲೆ ರಾತ್ರಿಯ ದೀಪಗಳು. ನಂತರ ಕೇಳಿಸುವ ಮೊದಲ ಮಾತುಗಳೂ ಮಳೆಯವೇ. ಹಾಲಿವುಡ್ಡಿಗೆ ಚಿತ್ರಕಥೆ ಬರೆದು ಬೇಸತ್ತು ಕಾದಂಬರಿಗೆ ಕೈಹಾಕಿರುವ ಗಿಲ್‌ಗೆ ಮಳೆಯ ಪ್ಯಾರಿಸ್, ಅದರಲ್ಲೂ 1920ರ ದಶಕದ ಪ್ಯಾರಿಸ್, ಸ್ವರ್ಗ. ಅವನನ್ನು ಮದುವೆಯಾಗಲಿರುವ ಇನೆಜ್‌ಗೆ ಮೈ ಒದ್ದೆ ಮಾಡಿಕೊಳ್ಳುವುದರಲ್ಲಿ ಏನು ಸುಖವಿದೆ ಎನ್ನುವುದೇ ತಿಳಿಯುವುದಿಲ್ಲ.

ಮಳೆಗೆ ತೋಯುವುದಕ್ಕೂ ಹಿಂದಿನದನ್ನು ಮನಸ್ಸಿಗೆ ತಂದುಕೊಳ್ಳುವುದಕ್ಕೂ ಕನ್ನಡದಲ್ಲಿ ನಾವು ‘ನೆನೆಯುವುದು’ ಎನ್ನುತ್ತೇವೆ. ಗಿಲ್ ಈ ಎರಡನ್ನೂ ಒಂದೇ ಎಂದುಕೊಂಡವನು. ಸಿನಿಮಾ ಅವನ ನಂಬಿಕೆಯನ್ನು ಪ್ರಶ್ನಿಸುತ್ತದೆಯೇ, ಅಥವಾ ತಾನೂ ಅದಕ್ಕೆ ಒಲಿದುಬಿಡುತ್ತದೆಯೇ?

ಊರು ನೋಡುವುದೆಂದರೆ ಯಾರ ಜೊತೆ ನೋಡುತ್ತೇವೆ ಎನ್ನುವುದೂ ಹೌದು. ಸಿನಿಮಾದ ಹಗಲಿನ ದೃಶ್ಯಗಳೆಲ್ಲ ಇದರ ಸುತ್ತಲೇ ಇವೆ. ಇನೆಜ್‌ಳ ಹಳೆಯ ಗೆಳೆಯ ಪಾಲ್ ಮತ್ತು ಅವನ ಸಂಗಾತಿ ಕ್ಯಾರಲ್ ಆಕಸ್ಮಿಕವಾಗಿ ಸಿಕ್ಕಿ, ನಾಲ್ವರೂ ಒಟ್ಟಿಗೆ ತಿರುಗಾಡತೊಡಗುತ್ತಾರೆ. ವರ್ಸೈ ಅರಮನೆಯಿರಲಿ, ವೈನಿನ ರುಚಿಯಿರಲಿ, ಪಾಲ್ ಬಳಿ ಒಂದು ಉಪನ್ಯಾಸ ಸಿದ್ಧವಿರುತ್ತದೆ. ರೋದಾಂ ಮ್ಯೂಸಿಯಮ್ಮಿನಲ್ಲಿ, ಶಿಲ್ಪಿಯ ಹೆಂಡತಿ ಯಾರೆಂಬ ವಿಷಯಕ್ಕೆ ಅಲ್ಲಿನ ಗೈಡ್ ಜೊತೆಗೇ ವಾದಕ್ಕಿಳಿಯುತ್ತಾನೆ. ಗೈಡ್ ಹೇಳಿದ್ದೇ ಸರಿ: ಅಗಸ್ಟ್ ರೋದಾಂ ಮದುವೆಯಾದದ್ದು ರೋಸ್ ಬ್ಯೂರೆಯನ್ನು, ಅದೂ 1917ರಲ್ಲಿ, ಇಬ್ಬರೂ ಸಾಯುವ ವರ್ಷ. ಕಮೀಲ್ ಕ್ಲೋದೆಲ್ ಅವನ ಶಿಷ್ಯೆ, ಪ್ರೇಯಸಿ. ಗೆಳೆಯರ ಗುಂಪಿನಲ್ಲಿ ಪ್ರವಾಸ ಹೋದವರಿಗೆ ಪಾಲ್‌ನ ಪರಿಚಯ ಮಾಡಿಸಬೇಕಾಗಿಲ್ಲ. ಪ್ರತಿ ಗುಂಪಿನಲ್ಲೂ ಅಂಥವನೊಬ್ಬ ಇರುತ್ತಾನೆ. ಅವನ ದೆಸೆಯಿಂದ ಉಳಿದವರು ಕಲ್ಲನ್ನು ನೋಡುವ ಬದಲು ಅವನ ಬಾಯಿ ನೋಡುತ್ತಾ ನಿಲ್ಲುತ್ತಾರೆ.

ಈ ಪಾಲ್‌ಗೆ ಗಿಲ್ ಸೇಡು ತೀರಿಸುವ ದೃಶ್ಯ ಎಲ್ಲರಿಗೂ ಇಷ್ಟವಾಗುವಂಥದ್ದು. ನಡುರಾತ್ರಿ ಹಳೆಯ ಕಾರೊಂದು ಬಂದು ಗಿಲ್‌ನನ್ನು 1920ರ ದಶಕಕ್ಕೆ ಒಯ್ಯುತ್ತದೆ. ಅಲ್ಲಿ ಗರ್ಟ್ರೂಡ್ ಸ್ಟೈನ್ ಮನೆಯಲ್ಲಿ ಪಿಕಾಸೊನ ಚಿತ್ರವೊಂದರ ಚರ್ಚೆಯನ್ನು ಅವನು ಕೇಳಿರುತ್ತಾನೆ. ಮರುದಿನ ಮ್ಯೂಸಿಯಮ್ಮಿನಲ್ಲಿ ಅದೇ ಚಿತ್ರದ ಮುಂದೆ ಪಾಲ್ ಶುರುಮಾಡಿದಾಗ, ಕೇಳಿದ್ದನ್ನೆಲ್ಲ ಒಪ್ಪಿಸಿ ಅವನ ಬಾಯಿ ಮುಚ್ಚಿಸುತ್ತಾನೆ. ನಾವು ನಗುತ್ತೇವೆ. ಆದರೆ ಆ ಹೊತ್ತಿನಲ್ಲಿ ಚಿತ್ರವನ್ನು ನೋಡುತ್ತಿರುವವರು ಯಾರು? ಪಾಲ್ ಪುಸ್ತಕ ಓದಿ ಮಾತಾಡಿದರೆ ಗಿಲ್ ಕನಸು ಕಂಡು ಮಾತಾಡುತ್ತಾನೆ. ಎದುರಿಗಿರುವ ವಸ್ತು ಇಬ್ಬರಿಗೂ ತಮ್ಮ ತಿಳಿವಳಿಕೆಗೆ ಸಾಕ್ಷಿ ಮಾತ್ರ. ಅಲನ್ ಇಲ್ಲಿ ಗಿಲ್‌ನ ಪಕ್ಷ ವಹಿಸಿ ಸುಲಭದ ಗೆಲುವು ಕೊಟ್ಟಿದ್ದಾರೆ.

ಮಳೆಯ ವಿಷಯದಲ್ಲೂ ಹೀಗೇ. ಪ್ಯಾರಿಸ್ಸಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 640 ಮಿಲಿಮೀಟರ್, ಬೆಂಗಳೂರಿಗಿಂತ ಕಡಿಮೆ. ಆದರೆ ಅಲ್ಲಿ ಮಳೆಗಾಲವೆಂಬ ಪ್ರತ್ಯೇಕ ಕಾಲವಿಲ್ಲ. ಹನ್ನೆರಡು ತಿಂಗಳಲ್ಲೂ ಜಿಟಿಜಿಟಿಯಾಗಿ ಹಂಚಿಹೋಗಿದೆ. ಅಬ್ಬರಿಸಿ ಸುರಿದು ಮುಗಿಯುವ ಮಳೆಯಲ್ಲ, ಕೋಟಿನೊಳಗೆ ಮೆಲ್ಲಗೆ ಇಳಿಯುವ ತಂಪು. ಆ ಜಿಟಿಜಿಟಿಯಲ್ಲಿ ಊರು ನೋಡುವವರು ಶೂ ಒದ್ದೆಯಾಗಿ, ಕಾಲು ಮರಗಟ್ಟಿ, ಮ್ಯೂಸಿಯಮ್ಮಿನ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ಮುಂದೆಲ್ಲಿಗೆ ಎಂದು ಗೆಳೆಯರೊಳಗೆ ಸಣ್ಣ ಜಗಳವಾಗುತ್ತದೆ. ಡೇರಿಯಸ್ ಖೊಂಡ್ಜಿ ಅವರ ಕ್ಯಾಮೆರಾ ಇದನ್ನೆಲ್ಲ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅವರ ಪ್ಯಾರಿಸ್ಸಿನ ತುಂಬ ಜೇನಿನ ಬಣ್ಣ. ಮಳೆ ರಸ್ತೆಗೆ ಹೊಳಪು ಕೊಡುತ್ತದೆಯೇ ಹೊರತು ಯಾರನ್ನೂ ಚಳಿಯಿಂದ ನಡುಗಿಸುವುದಿಲ್ಲ.

ಹೋಲಿಕೆಗೆ ಗುಸ್ತಾವ್ ಕೈಯ್‌ಬೋತ್‌ನ ಚಿತ್ರವೊಂದನ್ನು ನೋಡಬೇಕು. 1877ರ ‘ಪ್ಯಾರಿಸ್ ಬೀದಿ, ಮಳೆಯ ದಿನ’ ಈಗ ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಎರಡು ಮೀಟರಿಗಿಂತ ಎತ್ತರದ ಕ್ಯಾನ್ವಾಸು. ಅದರಲ್ಲಿ ಮಳೆಯ ಒಂದು ಗೆರೆಯೂ ಕಾಣುವುದಿಲ್ಲ. ಒದ್ದೆ ಕಲ್ಲುಹಾಸು, ಬಿಚ್ಚಿದ ಕೊಡೆಗಳು, ಬೂದು ಆಕಾಶ, ಇಷ್ಟರಿಂದಲೇ ಮಳೆ ಮೈಗೆ ತಾಕುತ್ತದೆ. ಹಿಂದಿರುವ ಕಟ್ಟಡಗಳು ಆಗಿನ್ನೂ ಹೊಸವು. 1853ರ ನಂತರ ಓಸ್ಮನ್ ಹಳೆಯ ಓಣಿಗಳನ್ನು ಒಡೆಸಿ ಅಗಲ ರಸ್ತೆಗಳನ್ನು ಮಾಡಿಸಿದ ಕಾಲದ ಫಲ ಅವು. ಇಂದು ನಾವು ‘ಹಳೆಯ ಪ್ಯಾರಿಸ್’ ಎಂದು ಕಣ್ತುಂಬಿಕೊಳ್ಳುವ ಎಷ್ಟೋ ಬೀದಿಗಳು ಹೀಗೆ ಹಳೆಯ ಊರನ್ನು ಕೆಡವಿ ಎದ್ದವು. ಕೈಯ್‌ಬೋತ್ ಅಲ್ಲಿ ಯಾವ ಕಾಲವನ್ನೂ ನೆನೆಯುತ್ತಿಲ್ಲ. ತನ್ನ ಕಣ್ಣೆದುರಿನ, ಒಬ್ಬರ ಮುಖ ಒಬ್ಬರು ನೋಡದೆ ನಡೆದುಹೋಗುವ ಜನರ ಊರನ್ನು ನೋಡುತ್ತಿದ್ದಾನೆ.

ಇದು ಅಲನ್‌ಗೆ ತಿಳಿಯದ ವಿಷಯವೇನಲ್ಲ. ಗಿಲ್ ಮೆಚ್ಚಿದ ಏಡ್ರಿಯಾನಾಗೆ ತನ್ನ ಇಪ್ಪತ್ತರ ದಶಕ ಸಪ್ಪೆ. ಅವಳಿಗೆ 1890ರ ದಶಕವೇ ಸುವರ್ಣಯುಗ. ಅಲ್ಲಿಗೆ ಹೋದರೆ ಗೊಗಾಂ, ದೆಗಾ ಕೂತು ರಿನೈಸಾನ್ಸ್ ಕಾಲಕ್ಕೆ ಹಂಬಲಿಸುತ್ತಿದ್ದಾರೆ. ಪ್ರತಿಯೊಬ್ಬರಿಗೂ ತಮ್ಮ ಕಾಲ ಸಾಲದು ಎಂಬ ಈ ಸರಪಳಿ ಸಿನಿಮಾದ ನಿಜವಾದ ಜಾಣ್ಮೆ. ಅದನ್ನು ಕಂಡ ಗಿಲ್ ವರ್ತಮಾನಕ್ಕೆ ಮರಳುತ್ತಾನೆ, ಇನೆಜ್‌ಳನ್ನು ಬಿಡುತ್ತಾನೆ, ಪ್ಯಾರಿಸ್ಸಿನಲ್ಲೇ ಉಳಿಯಲು ನಿರ್ಧರಿಸುತ್ತಾನೆ.

ಆದರೆ ಮರಳಿದ ವರ್ತಮಾನ ಎಂಥದ್ದು? ರಾತ್ರಿ, ಮೂರನೆಯ ಅಲೆಕ್ಸಾಂಡರ್ ಸೇತುವೆ, ಹಳೆಯ ವಸ್ತು ಮಾರುವ ಅಂಗಡಿಯ ಹುಡುಗಿ ಗೇಬ್ರಿಯೆಲ್. ಮಳೆ ಬರುತ್ತದೆ, ಒದ್ದೆಯಾದರೆ ಅವಳಿಗೆ ಬೇಸರವಿಲ್ಲ. ಇಬ್ಬರೂ ನಡೆದುಹೋಗುತ್ತಾರೆ, ಸಿನಿಮಾ ಮುಗಿಯುತ್ತದೆ. ಭೂತಕಾಲದ ಮೋಹ ಬಿಟ್ಟವನಿಗೆ ಸಿಕ್ಕ ಬಹುಮಾನವೂ ಅದೇ ಮೋಹದ ಬಣ್ಣದಲ್ಲಿದೆ. ಇನೆಜ್ ಕೇಳಿದ ಪ್ರಶ್ನೆಯನ್ನು ಸಿನಿಮಾ ಅರಸಿಕಳ ಮಾತೆಂದು ತಳ್ಳಿಹಾಕಿತು, ಉತ್ತರಿಸಲಿಲ್ಲ. ಒದ್ದೆಯಾಗುವುದರ ಸುಖ ಅರ್ಥವಾಗಬೇಕಾದರೆ ಅದರ ಕಷ್ಟವೂ ತೆರೆಯ ಮೇಲೆ ಸ್ವಲ್ಪ ಇರಬೇಕಿತ್ತು.

ಹಾಗಿದ್ದೂ ಈ ಕೊನೆ ಪೂರ್ತಿ ಹುಸಿಯೆನ್ನಿಸುವುದಿಲ್ಲ, ಕಾರಣ ಗೇಬ್ರಿಯೆಲ್. ಅವಳು ಆ ಊರಿನವಳು. ಪಾಲ್‌ನ ಹಾಗೆ ವಿವರಿಸುವುದಿಲ್ಲ, ಗಿಲ್‌ನ ಹಾಗೆ ಹಂಬಲಿಸುವುದಿಲ್ಲ. ಅವಳಿಗೆ ಆ ಮಳೆ ಇವತ್ತಿನದು. ಗಿಲ್ ಅವಳ ಜೊತೆ ಇನ್ನೊಂದು ಹತ್ತು ನಿಮಿಷ ನಡೆದಿದ್ದರೆ ಅವನ ಶೂ ಒದ್ದೆಯಾಗುತ್ತಿತ್ತು; ನಮಗೂ ಪ್ಯಾರಿಸ್ ಕಾಣಲು ಶುರುವಾಗುತ್ತಿತ್ತು.